ತಿಮಿಂಗಿಲದ ಉಸಿರು: ತಡವಾಗಿ ಮಾಡಿದ ಒಂದು ತಿದ್ದುಪಡಿ



ಮೇಷ್ಟರಾದವನು ನಿವೃತ್ತನಾದ ಮೇಲೆ ತನ್ನ ಹಳೆಯ ಪಾಠಗಳನ್ನು ತಾನೇ ತಿದ್ದಲು ಕುಳಿತರೆ ಕೆಂಪು ಶಾಯಿ ಸಾಲದು ಎಂಬುದು ನನ್ನ ಅನುಭವ. ಅಂಥ ಒಂದು ಪಾಠವನ್ನು ಇಂದು ತಿದ್ದುತ್ತಿದ್ದೇನೆ. ಅದು ಇತಿಹಾಸದ ಪಾಠವಲ್ಲ, ವಿಜ್ಞಾನದ್ದು. ಆದರೆ ಅದನ್ನು ತಿದ್ದಲು ಹೊರಟಾಗ ನನ್ನ ಕೈಗೆ ಸಿಕ್ಕಿದ್ದು ಇತಿಹಾಸವೇ.

1985-86ನೆಯ ಸಾಲು. ಹೊಸದುರ್ಗ ತಾಲ್ಲೂಕಿನ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ನಾನಾಗ ಸಮಾಜ ವಿಜ್ಞಾನದ ಸಹಶಿಕ್ಷಕ. ವಿಜ್ಞಾನದ ಮೇಷ್ಟರ ಹುದ್ದೆ ಖಾಲಿ ಇದ್ದುದರಿಂದ ಎಂಟನೆಯ ತರಗತಿಯ ಜೀವಶಾಸ್ತ್ರವೂ ನನ್ನ ಹೆಗಲಿಗೇ ಬಿದ್ದಿತ್ತು. ಬರಗಾಲದ ವರ್ಷ. ಮಧ್ಯಾಹ್ನದ ಮೇಲೆ ಅರ್ಧ ತರಗತಿ ಖಾಲಿ. ಸಸ್ತನಿಗಳ ಪಾಠ ಮಾಡುತ್ತ ಕಪ್ಪುಹಲಗೆಯ ಮೇಲೆ ತಿಮಿಂಗಿಲದ ಚಿತ್ರ ಬರೆದು, ಅದರ ನೆತ್ತಿಯಿಂದ ಕಾರಂಜಿಯಂತೆ ನೀರು ಚಿಮ್ಮುವುದನ್ನು ಬಣ್ಣದ ಸೀಮೆಸುಣ್ಣದಲ್ಲಿ ತೋರಿಸಿದೆ. "ಇದು ಮೀನಲ್ಲ, ಇದಕ್ಕೆ ನಮ್ಮ ಹಾಗೆ ಶ್ವಾಸಕೋಶಗಳಿವೆ, ಮರಿಗೆ ಹಾಲೂಡಿಸುತ್ತದೆ, ಒಳಗೆ ಸೇರಿದ ನೀರನ್ನು ನೆತ್ತಿಯ ರಂಧ್ರದಿಂದ ಹೊರಗೆ ಚಿಮ್ಮಿಸುತ್ತದೆ" ಎಂದೆ.

ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತ. "ಸಾ, ಶ್ವಾಸಕೋಶ ಐತೆ ಅಂದ್ರಿ. ಅದ್ರಾಗೆ ನೀರು ತುಂಬ್ಕೊಂಡ್ರೆ ಸತ್ತೋಗಲ್ವಾ ಸಾ?"

ಎಂಥ ಪ್ರಶ್ನೆ! ಇಂದು ಯಾರಾದರೂ ನನ್ನನ್ನು ಹೀಗೆ ಕೇಳಿದ್ದರೆ ಅವನ ಬೆನ್ನು ತಟ್ಟುತ್ತಿದ್ದೆ. ಅಂದು ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವ ಧೈರ್ಯವೂ ಇರಲಿಲ್ಲ. "ನೀನು ನೋಡಿದ್ದೀಯೇನೋ ತಿಮಿಂಗಿಲ? ಕೂತ್ಕೋ" ಎಂದು ಗದರಿದೆ. ಅವನು ತಲೆ ತಗ್ಗಿಸಿ, ಆದರೆ ಎಲ್ಲರಿಗೂ ಕೇಳುವಂತೆ, "ನೀವ್ ನೋಡಿದ್ದೀರಾ ಸಾ?" ಎಂದ. ತರಗತಿ ನಕ್ಕಿತು. ಪಾಠ ಮುಗಿಯುವವರೆಗೆ ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದೆ. ಆ ಬೇಸಿಗೆಯಲ್ಲಿ ಅವನು ಶಾಲೆ ಬಿಟ್ಟು ಬೋರ್‌ವೆಲ್ ಲಾರಿಯ ಜೊತೆ ಹೋದನೆಂದು ಆಮೇಲೆ ತಿಳಿಯಿತು. ಅವನು ಶಾಲೆ ಬಿಟ್ಟದ್ದು ಬರದಿಂದ, ನನ್ನಿಂದಲ್ಲ. ಆದರೂ ಅವನಿಗೆ ಶಾಲೆಯಿಂದ ಸಿಕ್ಕ ಕೊನೆಯ ಉತ್ತರಗಳಲ್ಲಿ ನನ್ನ ಗದರಿಕೆಯೂ ಒಂದು ಎಂಬುದು ಮನಸ್ಸಿನಲ್ಲಿ ಮುಳ್ಳಿನಂತೆ ಉಳಿದಿತ್ತು.

ಸಮುದ್ರವಿಲ್ಲದ ಸೀಮೆ

ಹೊಳಲ್ಕೆರೆಯ ಪಕ್ಕದ ಹಳ್ಳಿಯಲ್ಲಿ ಹುಟ್ಟಿ, ಹೊಸದುರ್ಗ, ಹಿರಿಯೂರುಗಳಲ್ಲಿ ಪಾಠ ಹೇಳಿ, ಚಿತ್ರದುರ್ಗದಲ್ಲಿ ನೆಲೆನಿಂತ ನನಗೆ ಸಮುದ್ರವೆಂದರೆ ಭೂಪಟದ ನೀಲಿ ಬಣ್ಣವಷ್ಟೇ. ನಮ್ಮ ಮಕ್ಕಳು ಕಂಡ ಅತಿ ದೊಡ್ಡ ನೀರು ಹಿರಿಯೂರಿನ ಮಾರಿಕಣಿವೆ. ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಕಟ್ಟಿ ಮುಗಿಸಿದ ಆ ವಾಣಿವಿಲಾಸ ಸಾಗರವೂ 1933ರಲ್ಲಿ ಒಮ್ಮೆ ಕೋಡಿ ಬಿದ್ದದ್ದು, ಮತ್ತೆ ಕೋಡಿ ಹರಿಯಲು 2022ರವರೆಗೆ ಕಾಯಿಸಿತು. ನೀರಿನ ವಿಷಯದಲ್ಲಿ ನಮ್ಮ ಜಿಲ್ಲೆಯ ಜನಕ್ಕಿರುವಷ್ಟು ತಾಳ್ಮೆ ಬೇರೆಯವರಿಗೆ ಇರಲಾರದು.

ಆದರೂ ನಮ್ಮ ನೆಲಕ್ಕೂ ಸಮುದ್ರದ ನೆನಪಿದೆ. ಚಿತ್ರದುರ್ಗದಿಂದ ಹಿರಿಯೂರಿನ ಕಡೆಗೆ ಹೋಗುವಾಗ ಸಿಗುವ ಮರಡಿಹಳ್ಳಿಯ ಬಳಿ, ದಿಂಬುಗಳನ್ನು ಒಂದರ ಮೇಲೊಂದು ಒಟ್ಟಿದಂತೆ ಕಾಣುವ ಕಪ್ಪು ಬಂಡೆಗಳಿವೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದೆ. ಕುದಿಯುವ ಲಾವಾರಸ ನೀರಿನ ಅಡಿಯಲ್ಲಿ ಉಕ್ಕಿ, ತಣ್ಣೀರು ತಗುಲಿ ಥಟ್ಟನೆ ಹೆಪ್ಪುಗಟ್ಟಿದಾಗ ಮಾತ್ರ ಕಲ್ಲಿಗೆ ಈ ದಿಂಬಿನ ಆಕಾರ ಬರುತ್ತದೆ. ಸುಮಾರು 250 ಕೋಟಿ ವರ್ಷಗಳ ಹಿಂದೆ ನಮ್ಮ ಜಾಲಿ ಮುಳ್ಳಿನ ಬಯಲು ಕಡಲ ತಳವಾಗಿತ್ತು ಎಂಬುದಕ್ಕೆ ಅದೇ ಸಾಕ್ಷಿ. ಹಿರಿಯೂರಿನಲ್ಲಿದ್ದಾಗ ನನ್ನಿಂದ ಪಾಠ ಕೇಳಿದವರಿಗೆ ಅಲ್ಲಿಗೆ ಸೈಕಲ್ಲಿನಲ್ಲಿ ಹೋದದ್ದು ನೆನಪಿರಬಹುದು.

ದೀಪಸ್ತಂಭದ ಮೆಟ್ಟಿಲುಗಳು

2024ರ ಮಾರ್ಚಿಯಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿರುವ ಮಗಳ ಮನೆಯಲ್ಲಿದ್ದೆ. ಅಲ್ಲಿ ಆಗಷ್ಟೇ ವಸಂತ ಕಾಲಿಡುತ್ತಿತ್ತು. ಒಂದು ದಿನ ಮೊಮ್ಮಗ, "ಅಜ್ಜ, ಈಗ ತಿಮಿಂಗಿಲಗಳು ಉತ್ತರಕ್ಕೆ ಹೋಗುವ ಕಾಲ. ದಡದಿಂದಲೇ ಕಾಣುತ್ತವೆ, ಬರುತ್ತೀಯಾ?" ಎಂದ. ಮೂವತ್ತೆಂಟು ವರ್ಷಗಳ ಹಿಂದಿನ ಆ ಹುಡುಗನೇ ಕೇಳಿದಂತಾಯಿತು. ಹೊರಟೆವು.

ಸ್ಯಾನ್ ಫ್ರಾನ್ಸಿಸ್ಕೊದ ಗೋಲ್ಡನ್ ಗೇಟ್ ಸೇತುವೆ ದಾಟಿದೊಡನೆ ಎಡಕ್ಕೆ ಬೋಳು ಗುಡ್ಡಗಳು. ಅಲ್ಲಿ ಪಾಯಿಂಟ್ ಬೊನಿಟಾ ಎಂಬಲ್ಲಿ ಸ್ವಲ್ಪ ಹೊತ್ತು ನಿಂತೆವು. ಅಲೆ ಬಡಿಯುವ ಕಡಿದಾದ ಬಂಡೆಯನ್ನು ನೋಡಿ ನಾನು ಮಾತು ಮರೆತೆ. ಮರಡಿಹಳ್ಳಿಯ ಅದೇ ದಿಂಬುಗಳು! ಅಲ್ಲಿನವು ನಮ್ಮವುಗಳೆದುರು ಎಳೆಗೂಸುಗಳು. ನಮ್ಮವು ಕೋಟಿಗಳನ್ನು ನೂರರ ಲೆಕ್ಕದಲ್ಲಿ ಎಣಿಸಿದರೆ ಅವು ಹತ್ತಿಪ್ಪತ್ತರ ಲೆಕ್ಕದವು. ಆದರೆ ಹುಟ್ಟಿದ ಬಗೆ ಒಂದೇ. "ಇದು ನಮ್ಮೂರಿನ ಕಲ್ಲು ಕಣಮ್ಮಾ" ಎಂದೆ. "ಅಪ್ಪಾಜಿ, ನೀವು ಎಲ್ಲಿಗೆ ಹೋದರೂ ದುರ್ಗವನ್ನು ಜೇಬಿನಲ್ಲಿಟ್ಟುಕೊಂಡು ಹೋಗುತ್ತೀರಿ" ಎಂದು ಮಗಳು ನಕ್ಕಳು.

ಅಲ್ಲಿಂದ ವಾಯವ್ಯಕ್ಕೆ ಪಾಯಿಂಟ್ ರೇಯ್ಸ್. ಸಮುದ್ರದೊಳಕ್ಕೆ ಮೊಣಕೈಯಂತೆ ಚಾಚಿದ ನೆಲದ ತುದಿ. 1870ರಲ್ಲಿ ಹೊತ್ತಿಸಿದ ದೀಪಸ್ತಂಭ ಅಲ್ಲಿದೆ. ಸಾಮಾನ್ಯವಾಗಿ ದೀಪಸ್ತಂಭಕ್ಕೆ ಮೇಲೇರಬೇಕು. ಇಲ್ಲಿ ಮುನ್ನೂರಕ್ಕೂ ಹೆಚ್ಚು ಮೆಟ್ಟಿಲು ಕೆಳಗಿಳಿಯಬೇಕು. ಗುಡ್ಡದ ನೆತ್ತಿಯಲ್ಲಿ ಕಟ್ಟಿದ್ದರೆ ದೀಪವನ್ನು ಮಂಜು ಮುಚ್ಚಿಬಿಡುತ್ತದೆಂದು ಅರ್ಧ ಇಳಿಜಾರಿನಲ್ಲಿ ಕಟ್ಟಿದ್ದಾರೆ. ಗಾಳಿ ಅತಿಯಾದ ದಿನ ಮೆಟ್ಟಿಲ ದಾರಿಯನ್ನೇ ಮುಚ್ಚುತ್ತಾರಂತೆ. ನಮ್ಮ ಗುಡ್ಡಗಳ ಮೇಲೆ ಗಾಳಿಯಂತ್ರ ತಿರುಗಿಸುವ ಗಾಳಿ ಕಂಡವನು ನಾನು. ಅದರ ಹಿರಿಯಣ್ಣ ಇಲ್ಲಿದ್ದಾನೆ. ಏಳು ಸುತ್ತಿನ ಕೋಟೆ ಹತ್ತಿಳಿದ ಮೊಣಕಾಲುಗಳನ್ನು ನಂಬಿ, ಕಂಬಿ ಹಿಡಿದು ಇಳಿದೆ.

ಎರಡು ಗಂಟೆ ಏನೂ ಕಾಣಲಿಲ್ಲ. ಬೂದು ನೀರು, ಬೂದು ಆಕಾಶ. ಆಮೇಲೆ ಮೊಮ್ಮಗ ಕೈ ತೋರಿದ. ದೂರದಲ್ಲಿ ನೀರಿನ ಮೇಲೆ ಒಂದು ಬಿಳಿಯ ಪೊದೆ ಎದ್ದು, ಗಾಳಿಗೆ ಕರಗಿ ಹೋಯಿತು. ಅರ್ಧ ನಿಮಿಷದೊಳಗೆ ಮತ್ತೊಂದು. ಹೀಗೆ ನಾಲ್ಕು ಸಲ. ಕೊನೆಗೆ ಕಲೆಕಲೆಯ ಬೆನ್ನು ಬಾಗಿ, ಬಾಲದ ಎರಡು ಸೀಳುಗಳು ಒಮ್ಮೆ ಮೇಲೆದ್ದು ಮುಳುಗಿದವು. ನಾನು ಕಂಡ ತಿಮಿಂಗಿಲ ಅಷ್ಟೇ: ನಾಲ್ಕು ಉಸಿರು, ಒಂದು ಬಾಲ.

ಹೌದು, ಉಸಿರು. ಕಾರಂಜಿಯಲ್ಲ. ನಮ್ಮಲ್ಲಿ ಮಾಘಮಾಸದ ಬೆಳಗಿನಲ್ಲಿ ಬಾಯಿ ತೆರೆದರೆ ಬರುವ ಹಬೆಯೇ ಅದು. ಅದರ ನೆತ್ತಿಯ ಮೇಲಿರುವುದು ಮೂಗಿನ ಎರಡು ಹೊಳ್ಳೆಗಳು. ಶ್ವಾಸಕೋಶದ ಬಿಸಿಯಾದ ತೇವದ ಗಾಳಿ ರಭಸದಿಂದ ಹೊರಬಿದ್ದು, ತಂಪಿಗೆ ಹನಿಗಟ್ಟಿ, ಹೊಳ್ಳೆಯ ಸುತ್ತಲಿನ ತುಸು ನೀರನ್ನೂ ಸೇರಿಸಿಕೊಂಡು ಮೂರು ನಾಲ್ಕು ಮೀಟರ್ ಎತ್ತರಕ್ಕೆ ಏಳುತ್ತದೆ. ಶ್ವಾಸಕೋಶದೊಳಗೆ ನೀರು ತುಂಬುವುದಿಲ್ಲ. ತುಂಬಿದರೆ ಆ ಹುಡುಗ ಹೇಳಿದಂತೆ ಸತ್ತೇ ಹೋಗುತ್ತದೆ. ಅವನ ತರ್ಕ ಸರಿಯಾಗಿತ್ತು, ನನ್ನ ಚಿತ್ರ ತಪ್ಪಾಗಿತ್ತು.

ತಪ್ಪಿನ ವಂಶಾವಳಿ

ನನ್ನ ತಪ್ಪಿಗೆ ದೊಡ್ಡವರ ಜೊತೆಯಿದೆ ಎಂಬುದು ಒಂದು ಸಣ್ಣ ಸಮಾಧಾನ. 'ರಘುವಂಶ'ದ ಹದಿಮೂರನೆಯ ಸರ್ಗದಲ್ಲಿ ಪುಷ್ಪಕವಿಮಾನದಿಂದ ರಾಮನು ಸೀತೆಗೆ ಸಮುದ್ರವನ್ನು ತೋರಿಸುವಾಗ, ನದಿಯ ಮುಖದಲ್ಲಿ ಜೀವಿಗಳ ಸಮೇತ ನೀರನ್ನು ಬಾಯಿತುಂಬ ತೆಗೆದುಕೊಂಡು, ಬಾಯಿ ಮುಚ್ಚಿ, ರಂಧ್ರವಿರುವ ತಲೆಗಳಿಂದ ಮೇಲಕ್ಕೆ ನೀರು ಚೆಲ್ಲುವ 'ತಿಮಿ'ಗಳ ವರ್ಣನೆ ಬರುತ್ತದೆ. ಜೀವಿಗಳೊಡನೆ ನೀರನ್ನು ಬಾಯಿಗೆ ತುಂಬಿ ಸೋಸುವ ಸಂಗತಿಯನ್ನು ಕಾಳಿದಾಸ ಬಲು ಸೊಗಸಾಗಿ ಹಿಡಿದಿದ್ದಾನೆ. ತಲೆಯ ಮೇಲಿನದ್ದು ನೀರೆಂದು ಮಾತ್ರ ಎಣಿಸಿದ್ದಾನೆ. ಆ ತಿಮಿಯನ್ನೂ ನುಂಗುವುದು ತಿಮಿಂಗಿಲ. ಹೆಸರಿನಲ್ಲೇ ನಮ್ಮ ಹಿರಿಯರು ಅದರ ಹೊಟ್ಟೆಯ ಅಳತೆಯನ್ನು ಇಟ್ಟಿದ್ದಾರೆ.

ಪಶ್ಚಿಮದಲ್ಲೂ ಗೊಂದಲ ಕಡಿಮೆಯಿರಲಿಲ್ಲ. ಇವು ಹಾಲೂಡಿಸುವ ಪ್ರಾಣಿಗಳೆಂದು ಅರಿಸ್ಟಾಟಲನಿಗೇ ತಿಳಿದಿತ್ತು. ಲಿನ್ನೇಯಸ್ 1758ರಲ್ಲಿ ಇವನ್ನು ಸಸ್ತನಿಗಳ ಸಾಲಿಗೆ ಸೇರಿಸಿದ. ಆದರೂ 1818ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯದಲ್ಲಿ ಒಂದು ಮೊಕದ್ದಮೆ ನಡೆಯಿತು. ಮೀನೆಣ್ಣೆಯ ಪೀಪಾಯಿಗಳಿಗೆ ತಪಾಸಣೆಯ ಶುಲ್ಕ ಕಟ್ಟಬೇಕೆಂಬ ಕಾನೂನಿತ್ತು. ತಿಮಿಂಗಿಲದ ಎಣ್ಣೆ ಮೀನೆಣ್ಣೆಯೇ ಎಂಬುದು ಪ್ರಶ್ನೆ. ಸ್ಯಾಮ್ಯುಯೆಲ್ ಮಿಚಿಲ್ ಎಂಬ ವಿದ್ವಾಂಸರು ತಿಮಿಂಗಿಲ ಮೀನಲ್ಲವೆಂದು ಸಾಕ್ಷಿ ನುಡಿದರೂ ಪಂಚರು ಮೀನೆಂದೇ ತೀರ್ಪಿತ್ತರು. ಹಣದ ಲೆಕ್ಕ ಬಂದಾಗ ವಿಜ್ಞಾನ ಬೆಂಚಿನ ಮೇಲೆ ನಿಲ್ಲಬೇಕಾಗುತ್ತದೆ.

ದೀಪಕ್ಕೆ ಸುರಿದ ಜೀವ

ಎಣ್ಣೆಯ ಮಾತು ಬಂದದ್ದು ಒಳ್ಳೆಯದಾಯಿತು, ಏಕೆಂದರೆ ಈ ಪ್ರಾಣಿಯ ಇತಿಹಾಸವೆಲ್ಲ ಎಣ್ಣೆಯ ಇತಿಹಾಸವೇ. ನನ್ನ ಅಜ್ಜಿಯ ಕಾಲಕ್ಕೆ ನಮ್ಮ ಹಟ್ಟಿಗಳಲ್ಲಿ ಹೊಂಗೆಯೆಣ್ಣೆ, ಹರಳೆಣ್ಣೆ, ಹಿಪ್ಪೆಯೆಣ್ಣೆಗಳ ದೀಪ. ಯುರೋಪು, ಅಮೆರಿಕಗಳ ನಗರಗಳಲ್ಲಿ ಉರಿಯುತ್ತಿದ್ದುದು ತಿಮಿಂಗಿಲದ ಕೊಬ್ಬು. ಯಂತ್ರಗಳ ಕೀಲಿಗೂ ಅದೇ ಎಣ್ಣೆ. ಹತ್ತೊಂಬತ್ತನೆಯ ಶತಮಾನದ ನಡುಭಾಗದವರೆಗೆ ಅಮೆರಿಕದ ದೀಪಸ್ತಂಭಗಳಲ್ಲಿ ಉರಿದದ್ದೂ ಒಂದು ಜಾತಿಯ ತಿಮಿಂಗಿಲದ ಎಣ್ಣೆಯೇ.

ನಾನು ಕಂಡದ್ದು ಬೂದು ತಿಮಿಂಗಿಲ. ಹದಿಮೂರು ಹದಿನಾಲ್ಕು ಮೀಟರ್ ಉದ್ದ, ಮೂವತ್ತು ಟನ್ನಿಗೂ ಮೀರಿದ ಭಾರ. ಹಲ್ಲಿಲ್ಲ, ಬಾಚಣಿಗೆಯಂಥ ಜಾಲರಿಯಿಂದ ಕಡಲ ತಳದ ಕೆಸರನ್ನು ಸೋಸಿ ಸಣ್ಣ ಸಣ್ಣ ಹುಳುಗಳನ್ನು ತಿನ್ನುತ್ತದೆ. ಬೇಸಿಗೆಯಲ್ಲಿ ಉತ್ತರಧ್ರುವದ ಬಳಿಯ ತಣ್ಣೀರಿನಲ್ಲಿ ಹೊಟ್ಟೆ ತುಂಬಿಸಿಕೊಂಡು, ಚಳಿಗಾಲಕ್ಕೆ ಮೆಕ್ಸಿಕೊದ ಬಾಹಾ ಕ್ಯಾಲಿಫೋರ್ನಿಯಾದ ಬೆಚ್ಚನೆಯ ಹಿನ್ನೀರುಗಳಿಗೆ ಬಂದು ಮರಿ ಹಾಕುತ್ತದೆ. ಹೋಗಿ ಬರುವ ದಾರಿ ಹದಿನಾರು ಸಾವಿರ ಕಿಲೋಮೀಟರಿಗೂ ಹೆಚ್ಚು. ಹೆಚ್ಚು ಕಡಿಮೆ ಉಪವಾಸದ ಯಾತ್ರೆ. ತವರಿಗೆ ಬಂದು ಬಾಣಂತನ ಮುಗಿಸಿ ಮಗುವಿನೊಡನೆ ಹಿಂತಿರುಗುವ ಹೆಣ್ಣುಮಗಳಂತೆ, ತಾಯಿತಿಮಿಂಗಿಲಗಳು ಎಲ್ಲರಿಗಿಂತ ಕೊನೆಗೆ, ಮರಿಯ ವೇಗಕ್ಕೆ ಹೊಂದಿಕೊಂಡು, ದಡಕ್ಕೆ ಆತು ಉತ್ತರಕ್ಕೆ ಸಾಗುತ್ತವೆ.

ದಡಕ್ಕೆ ಆತು ನಡೆಯುವ ಈ ಅಭ್ಯಾಸವೇ ಅವಕ್ಕೆ ಮುಳುವಾಯಿತು. 1854ರಲ್ಲಿ ಮಾಂಟೆರೆಯಲ್ಲಿ ದಡದಿಂದಲೇ ಬೇಟೆಯಾಡುವ ಕೇಂದ್ರ ಆರಂಭವಾಯಿತು. 1857ರ ಚಳಿಗಾಲದಲ್ಲಿ ಚಾರ್ಲ್ಸ್ ಮೆಲ್ವಿಲ್ ಸ್ಕ್ಯಾಮನ್ ಎಂಬ ಹಡಗಿನ ನಾಯಕ ಬಾಹಾದ ಒಂದು ಹಿನ್ನೀರಿನ ಬಾಯಿಯನ್ನು ಪತ್ತೆಹಚ್ಚಿ ಒಳಹೊಕ್ಕ. ಅದು ತಿಮಿಂಗಿಲಗಳ ಹೆರಿಗೆಮನೆ. ಮರಿಗೆ ಪೆಟ್ಟು ಬಿದ್ದರೆ ತಾಯಿ ಓಡಿಹೋಗದೆ ದೋಣಿಯ ಮೇಲೇ ಏರಿ ಬರುತ್ತಿತ್ತು. ಬೇಟೆಗಾರರು ಅದಕ್ಕೆ 'ದೆವ್ವದ ಮೀನು' ಎಂದು ಹೆಸರಿಟ್ಟರು. ಮಗುವನ್ನು ಉಳಿಸಿಕೊಳ್ಳಲು ಸೆಣಸಿದ ತಾಯಿಗೆ ದೆವ್ವವೆಂದು ಹೆಸರಿಟ್ಟವರು, ತಾವು ಕೈಯಲ್ಲಿ ಹಿಡಿದ ಭರ್ಜಿಗೆ ಏನು ಹೆಸರಿಟ್ಟಿದ್ದರೋ!

ಒಂದು ಮಾತು ಸ್ಕ್ಯಾಮನ್ನನ ಪರವಾಗಿಯೂ ಹೇಳಬೇಕು. ಅವನೇ ಮುಂದೆ ಆ ಪ್ರಾಣಿಗಳನ್ನು ಅಳೆದು, ಚಿತ್ರಿಸಿ, ಅವುಗಳ ನಡತೆಯನ್ನು ಬರೆದಿಟ್ಟು 1874ರಲ್ಲಿ ದೊಡ್ಡ ಗ್ರಂಥ ಪ್ರಕಟಿಸಿದ. ಹಿನ್ನೀರುಗಳು ಬರಿದಾಗುತ್ತಿವೆ, ಈ ಜಾತಿಯೇ ಅಳಿದುಹೋಗಬಹುದು ಎಂಬ ಆತಂಕ ಅದರಲ್ಲಿದೆ. ಕೊಂದವನೇ ಚರಿತ್ರಕಾರನೂ ಆದ. ಇತಿಹಾಸದಲ್ಲಿ ಇದು ಅಪರೂಪವೇನಲ್ಲ.

1859ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಕಲ್ಲೆಣ್ಣೆಯ ಬಾವಿ ತೋಡಿದರು. ನಮ್ಮ ಹಟ್ಟಿಗಳಿಂದ ಹೊಂಗೆಯೆಣ್ಣೆಯನ್ನು ಓಡಿಸಿದ ಸೀಮೆಎಣ್ಣೆಯೇ ಅಲ್ಲಿ ತಿಮಿಂಗಿಲದ ಎಣ್ಣೆಯನ್ನೂ ದೀಪದಿಂದ ಓಡಿಸಿತು. ಆದರೆ ಬೇಟೆ ನಿಲ್ಲಲಿಲ್ಲ. ಆವಿಹಡಗು, ಸಿಡಿಯುವ ಭರ್ಜಿಗಳಿಂದ ಇಪ್ಪತ್ತನೆಯ ಶತಮಾನದಲ್ಲಿ ಇನ್ನೂ ಘೋರವಾಯಿತು. ಬೂದು ತಿಮಿಂಗಿಲವಂತೂ ನಾಶವಾಯಿತೆಂದೇ ಹಲವರು ನಂಬಿದ್ದರು. 1912ರಲ್ಲಿ ರಾಯ್ ಚಾಪ್‌ಮನ್ ಆಂಡ್ರ್ಯೂಸ್ ಕೊರಿಯಾದ ತೀರದಲ್ಲಿ ಅದನ್ನು ಮತ್ತೆ ಗುರುತಿಸಿದರು. ಅಟ್ಲಾಂಟಿಕ್ ಸಾಗರದ ಬೂದು ತಿಮಿಂಗಿಲಗಳು ಅದಕ್ಕೂ ಬಹು ಹಿಂದೆಯೇ ಅಳಿದಿದ್ದವು.

1937ರ ಅಂತರರಾಷ್ಟ್ರೀಯ ಒಪ್ಪಂದ ಬೂದು ತಿಮಿಂಗಿಲದ ವಾಣಿಜ್ಯ ಬೇಟೆಯನ್ನು ನಿಷೇಧಿಸಿತು. 1972ರಲ್ಲಿ ಅಮೆರಿಕ ಸಾಗರ ಸಸ್ತನಿಗಳ ರಕ್ಷಣೆಗೆ ಕಾನೂನು ಮಾಡಿತು. ಅದೇ ವರ್ಷ ಬಾಹಾದ ಸ್ಯಾನ್ ಇಗ್ನಾಸಿಯೊ ಹಿನ್ನೀರಿನಲ್ಲಿ, ಈ 'ದೆವ್ವ'ಕ್ಕೆ ಹೆದರಿ ದೂರವೇ ಇರುತ್ತಿದ್ದ ಬೆಸ್ತರಲ್ಲಿ ಒಬ್ಬರಾದ ಫ್ರಾನ್ಸಿಸ್ಕೊ ಮಯೊರಾಲ್ ಅವರ ದೋಣಿಯ ಪಕ್ಕಕ್ಕೆ ಒಂದು ತಿಮಿಂಗಿಲ ಬಂದು ನಿಂತಿತು. ಅವರು ಅಳುಕುತ್ತಲೇ ಕೈಚಾಚಿ ಮುಟ್ಟಿದರು. ಅದು ಏನೂ ಮಾಡಲಿಲ್ಲ. ಇಂದು ಅಲ್ಲಿ ತಾಯಂದಿರು ಮರಿಗಳನ್ನು ದೋಣಿಗಳ ಬಳಿಗೆ ತಾವೇ ಕರೆತರುತ್ತವೆ. 1994ರಲ್ಲಿ ಅಮೆರಿಕ ಈ ಸಮೂಹವನ್ನು ಅಪಾಯದಂಚಿನ ಪಟ್ಟಿಯಿಂದ ತೆಗೆದುಹಾಕಿತು.

ಬೇಟೆಗಾರರೆಲ್ಲ ಒಂದೇ ಬಗೆಯವರಲ್ಲ ಎಂಬುದನ್ನೂ ಇಲ್ಲಿ ಹೇಳದಿದ್ದರೆ ಅನ್ಯಾಯ. ವಾಷಿಂಗ್ಟನ್ ರಾಜ್ಯದ ತುದಿಯಲ್ಲಿರುವ ಮಕಾ ಜನಾಂಗದವರು ತಲೆಮಾರುಗಳಿಂದ ಉಪವಾಸ, ಪ್ರಾರ್ಥನೆಗಳೊಡನೆ ದೋಣಿಯಲ್ಲಿ ಹೋಗಿ ತಿಮಿಂಗಿಲ ತರುತ್ತಿದ್ದವರು. 1855ರ ಒಪ್ಪಂದದಲ್ಲಿ ತಮ್ಮ ನೆಲ ಬಿಟ್ಟುಕೊಟ್ಟರೂ ಆ ಹಕ್ಕನ್ನು ಉಳಿಸಿಕೊಂಡರು. ಇತರರ ಬೇಟೆಯಿಂದ ಸಂಖ್ಯೆ ಕುಸಿದಾಗ 1920ರ ದಶಕದಲ್ಲಿ ತಾವೇ ನಿಲ್ಲಿಸಿದರು. ಹಕ್ಕಿದ್ದವರು ಕೈ ತಡೆದರು, ಹಕ್ಕಿಲ್ಲದವರು ತಡೆಯಲಿಲ್ಲ.

ನಮ್ಮ ಅರಬ್ಬಿ ಸಮುದ್ರ

ಇದೆಲ್ಲ ಪರದೇಶದ ಕಥೆ ಎಂದುಕೊಳ್ಳಬೇಡಿ. 1966ರ ನವೆಂಬರಿನಲ್ಲಿ ಸೋವಿಯತ್ ಹಡಗುಗಳು ಒಮಾನ್, ಪಾಕಿಸ್ತಾನ, ವಾಯವ್ಯ ಭಾರತದ ತೀರಗಳಾಚೆ 238 ಗೂನುಬೆನ್ನಿನ ತಿಮಿಂಗಿಲಗಳನ್ನು ಕದ್ದು ಕೊಂದವು. ಲೆಕ್ಕಪತ್ರಗಳಲ್ಲಿ ಅದನ್ನು ಮುಚ್ಚಿಟ್ಟರು. ಸೋವಿಯತ್ ಒಕ್ಕೂಟ ಕುಸಿದ ಮೇಲೆ, 1990ರ ದಶಕದಲ್ಲಿ, ಆ ಹಡಗುಗಳಲ್ಲಿದ್ದ ವಿಜ್ಞಾನಿಗಳೇ ನಿಜವನ್ನು ಹೊರಗಿಟ್ಟರು. ನಾನು ಹೊಸದುರ್ಗದಲ್ಲಿ ಪಾಠ ಹೇಳುತ್ತಿದ್ದಾಗ ಈ ಸಂಗತಿ ಯಾವ ಪುಸ್ತಕದಲ್ಲೂ ಇರಲಿಲ್ಲ.

ಅರಬ್ಬಿ ಸಮುದ್ರದ ಆ ಗೂನುಬೆನ್ನಿನ ತಿಮಿಂಗಿಲಗಳು ಬೇರೆಯವುಗಳಂತೆ ಧ್ರುವಕ್ಕೆ ವಲಸೆ ಹೋಗುವುದಿಲ್ಲ. ಇಲ್ಲೇ ಹುಟ್ಟಿ ಇಲ್ಲೇ ಬಾಳುತ್ತವೆ. ಒಮಾನಿನ ಬಳಿ ಈಗ ನೂರರೊಳಗೇ ಉಳಿದಿವೆಯೆಂದು ಅಂದಾಜು. 2017ರ ಕೊನೆಯಲ್ಲಿ ಅಲ್ಲಿ ಉಪಗ್ರಹದ ಗುರುತು ಅಂಟಿಸಿದ 'ಲುಬಾನ್' ಎಂಬ ಹೆಣ್ಣು ತಿಮಿಂಗಿಲ ಸಮುದ್ರ ದಾಟಿ ನಮ್ಮ ಪಶ್ಚಿಮ ಕರಾವಳಿಯುದ್ದಕ್ಕೂ ದಕ್ಷಿಣದ ತುದಿಯವರೆಗೆ ಬಂದಿತ್ತು. ನಾವು ಬೇರೆ ಖಂಡಕ್ಕೆ ಹೋಗಿ ನೋಡಿದ್ದು, ನಮ್ಮ ಮನೆಯ ಹಿತ್ತಿಲಿನಲ್ಲೇ ಹಾದುಹೋಗಿತ್ತು.

ಬೂದು ತಿಮಿಂಗಿಲದ ಕಥೆಯೂ ಸುಖಾಂತವಾಗಿ ಮುಗಿದಿಲ್ಲ. 2016ರಲ್ಲಿ ಸುಮಾರು 27,000 ಇದ್ದವು, 2025ರ ಎಣಿಕೆಯಲ್ಲಿ ಸುಮಾರು 13,000ಕ್ಕೆ ಇಳಿದಿವೆ. ಆ ವಸಂತದಲ್ಲಿ ಕ್ಯಾಲಿಫೋರ್ನಿಯಾ ತೀರದಲ್ಲಿ ಹಾದುಹೋದ ಮರಿಗಳು ಸುಮಾರು 85. 1994ರಲ್ಲಿ ಎಣಿಕೆ ಆರಂಭವಾದಂದಿನಿಂದ ಇಷ್ಟು ಕಡಿಮೆ ಎಂದೂ ಇರಲಿಲ್ಲ. ಈ ಸಲ ಭರ್ಜಿಯಿಲ್ಲ. ಧ್ರುವದ ಹಿಮ ಕರಗಿ ಕಡಲ ತಳದ ಆಹಾರ ಬದಲಾಗಿದೆ ಎನ್ನುತ್ತಾರೆ ವಿಜ್ಞಾನಿಗಳು. ಅವುಗಳದ್ದೂ ಈಗ ಬರಗಾಲ. ಬರ ಎಂದರೇನೆಂದು ನಮ್ಮ ಜಿಲ್ಲೆಯವರಿಗೆ ಯಾರೂ ವಿವರಿಸಬೇಕಾಗಿಲ್ಲ. ಮೇವಿಲ್ಲದ ವರ್ಷ ದನ ಈಯುವುದಿಲ್ಲ. ಹೊಟ್ಟೆಗಿಲ್ಲದ ವರ್ಷ ಹುಡುಗರು ಶಾಲೆ ಬಿಡುತ್ತಾರೆ.

ಅಂದು ದೀಪಸ್ತಂಭದ ಮೆಟ್ಟಿಲುಗಳನ್ನು ಏದುಸಿರು ಬಿಡುತ್ತ ಹತ್ತುವಾಗ ನಡುವೆ ಮೂರು ಕಡೆ ಕುಳಿತೆ. ತಣ್ಣನೆಯ ಗಾಳಿಯಲ್ಲಿ ನನ್ನ ಉಸಿರೂ ಬಿಳಿಯಾಗಿ ಏಳುತ್ತಿತ್ತು. ಮೊಮ್ಮಗ ಅದನ್ನು ತೋರಿಸಿ, "ಅಜ್ಜ, ನೀನೂ ತಿಮಿಂಗಿಲ" ಎಂದ. ಅವನಿಗೆ ಆ ಹುಡುಗನ ಕಥೆ ಹೇಳಿದೆ. ಎಲ್ಲ ಕೇಳಿ, "ಅವನಿಗೆ ಸಾರಿ ಹೇಳಿದೆಯಾ?" ಎಂದು ಕೇಳಿದ. ಮಕ್ಕಳು ಯಾವ ಕಾಲಕ್ಕೂ ಹಿಂದಿನ ಸಾಲಿನಿಂದಲೇ ಸರಿಯಾದ ಪ್ರಶ್ನೆ ಕೇಳುತ್ತಾರೆ.

ಅವನ ಹೆಸರು ನನಗೆ ನೆನಪಿದೆ. ಇಲ್ಲಿ ಬರೆಯುವುದು ಸರಿಯಲ್ಲ. ಈಗ ಐವತ್ತು ದಾಟಿರಬೇಕು. ಆ ವರ್ಷ ಎಂಟನೆಯ ತರಗತಿಯಲ್ಲಿದ್ದವರು ಯಾರಾದರೂ ಇದನ್ನು ಓದುತ್ತಿದ್ದರೆ, ಅವನು ಎಲ್ಲಿದ್ದಾನೆಂದು ಬಲ್ಲವರಾದರೆ, ಮೇಷ್ಟರು ಹೀಗೆ ಹೇಳಿದರೆಂದು ತಿಳಿಸಿ: ಅದು ನೀರಲ್ಲ, ಉಸಿರು. ನಿನ್ನ ಪ್ರಶ್ನೆ ಸರಿಯಾಗಿತ್ತು. ನಾನು ಆಗ ನೋಡಿರಲಿಲ್ಲ, ಈಗ ನೋಡಿಬಂದೆ. ಬೆಂಚಿನಿಂದ ಇಳಿ ಮಗು, ಕುಳಿತುಕೋ.